ಸೋಲಿನಲ್ಲಿ ಸಿಕ್ಕ ಸತ್ಯ: ಹಾನ್ಸ್ ಸೆಲ್ಯೆ

ಪರೀಕ್ಷೆ ಹತ್ತಿರ ಬಂದರೆ ‘ಟೆನ್ಷನ್’ ಎನ್ನುತ್ತೀರಲ್ಲವೇ? ಒತ್ತಡವು ದೇಹದೊಳಗೆ ಏನು ಮಾಡುತ್ತದೆಂದು ಇಲಿಗಳಲ್ಲಿ ಕಂಡು ಜಗತ್ತಿಗೆ ತಿಳಿಸಿದವರು ಹಾನ್ಸ್ ಸೆಲ್ಯೆ.

1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು ಪ್ರಾಗ್‌ನಲ್ಲಿ ವೈದ್ಯಕೀಯ ಓದಿ, ಮುಂದೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹೊಸ ಹಾರ್ಮೋನಿನ ಹುಡುಕಾಟದಲ್ಲಿ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳ ಅಡ್ರಿನಲ್ ಗ್ರಂಥಿ ದೊಡ್ಡದಾಯಿತು, ಥೈಮಸ್ ಗ್ರಂಥಿ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ಹೊಸ ಹಾರ್ಮೋನು ಸಿಕ್ಕಿತೆಂದೇ ಅವರು ಹಿಗ್ಗಿದರು. ಆದರೆ ಬರೀ ಫಾರ್ಮಾಲಿನ್ ಚುಚ್ಚಿದಾಗಲೂ ಅದೇ ಫಲ! ಆಸೆ ಮಣ್ಣುಪಾಲಾಯಿತು.

ಅವರು ಪ್ರಯೋಗ ಕೈಬಿಡಲಿಲ್ಲ. ಚಳಿ, ಗಾಯ, ಅತಿಯಾದ ದಣಿವು ಯಾವುದೇ ಇರಲಿ, ಇಲಿಯ ದೇಹ ಅದೇ ಮೂರು ಗುರುತುಗಳನ್ನು ತೋರಿಸಿತು. ಇದನ್ನು 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಷ್ಟ ಬಂದಾಗ ಪಿಟ್ಯುಟರಿಯ ಸೂಚನೆಯಂತೆ ಅಡ್ರಿನಲ್ ಹೆಚ್ಚು ಹಾರ್ಮೋನು ಸ್ರವಿಸುತ್ತದೆ. ಅದು ದೀರ್ಘಕಾಲ ನಡೆದರೆ ದೇಹವೇ ಸೋಲುತ್ತದೆ.

ಮುಂದೆ ತಂಬಾಕು ಉದ್ಯಮದಿಂದ ಹಣ ಪಡೆದದ್ದು ಅವರ ಹೆಸರಿಗೆ ಕಪ್ಪುಚುಕ್ಕೆ. 1982ರಲ್ಲಿ ಮಾಂಟ್ರಿಯಲ್‌ನಲ್ಲಿ ನಿಧನರಾದರು.

ಓದುಗರೇ, ಪ್ರಯೋಗಶಾಲೆಯಲ್ಲಿ ಎಣಿಸಿದ ಉತ್ತರ ಬಾರದಿದ್ದರೆ ವಹಿ ಮುಚ್ಚಬೇಡಿ. ಬಂದ ಉತ್ತರ ಏನು ಹೇಳುತ್ತಿದೆಯೆಂದು ಇನ್ನೊಮ್ಮೆ ನೋಡಿ.