ಇಪ್ಪತ್ತೊಂದು ಹಾಳೆಯ ಒಂದೇ ಚಿತ್ರ

ಈಗ ಫೋನಿನಲ್ಲಿ ಪನೋರಮಾ ಒತ್ತಿ ಕೈ ತಿರುಗಿಸಿದರೆ ಸಾಕು, ಅಗಲದ ಚಿತ್ರ ಸಿದ್ಧ. 1858ರಲ್ಲೇ ಕಾಗದದ ನೆಗೆಟಿವ್‌ನಿಂದ ಅಂಥದ್ದನ್ನು ಸಾಧಿಸಿದ ಲಿನೇಯಸ್ ಟ್ರೈಪ್, ಬಿಇ ಓದುತ್ತಿರುವ ನನಗೆ ಎಂಜಿನಿಯರ್‌ನಂತೆಯೇ ಕಾಣುತ್ತಾರೆ.

1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಹುಟ್ಟಿದ ಟ್ರೈಪ್, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆ ಸೇರಿದರು. ರಜೆಯಲ್ಲಿ ಊರಿಗೆ ಹೋದಾಗ ಛಾಯಾಗ್ರಹಣ ಕಲಿತರು. 1854ರ ಕೊನೆಯಲ್ಲಿ ನಮ್ಮ ಹಳೇಬೀಡು, ಬೇಲೂರಿನ ದೇಗುಲಗಳ ಚಿತ್ರ ತೆಗೆದರು. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವಕ್ಕೆ ಪದಕ ಬಂತು. ಅದೇ ವರ್ಷ ಬರ್ಮಾಕ್ಕೆ ಹೊರಟ ನಿಯೋಗದ ಜೊತೆ ಹೋಗಿ ಬಗಾನ್‌ನ ಪಾಳು ದೇಗುಲಗಳನ್ನೂ ಸೆರೆಹಿಡಿದರು. 1856ರಲ್ಲಿ ಮದ್ರಾಸ್ ಸರ್ಕಾರದ ಛಾಯಾಗ್ರಾಹಕರಾದರು.

ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದಲ್ಲಿ ಸಾಲುಸಾಲು ಶಾಸನಗಳಿವೆ. ದೂರ ನಿಂತು ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುಂಬಿಸಿದರೆ ಅಕ್ಷರ ಓದಲಾಗದು. ಟ್ರೈಪ್ ಕ್ಯಾಮೆರಾವನ್ನು ಗೋಡೆಯುದ್ದಕ್ಕೂ ಸರಿಸುತ್ತಾ ತುಂಡುತುಂಡಾಗಿ ಚಿತ್ರ ತೆಗೆದರು. ಆ 21 ಪ್ರಿಂಟ್‌ಗಳನ್ನು ಜೋಡಿಸಿದಾಗ ಸುಮಾರು 19 ಅಡಿ ಉದ್ದದ ಚಿತ್ರವಾಯಿತು. ಗೋಡೆಯಿಂದ ದೂರ, ಕ್ಯಾಮೆರಾದ ಎತ್ತರ ಎಲ್ಲಿ ತಪ್ಪಿದರೂ ಅಕ್ಷರದ ಸಾಲು ಮುರಿಯುತ್ತಿತ್ತು.

ಹೊಸ ಗವರ್ನರ್ ಟ್ರೆವೆಲ್ಯನ್ ಬಂದ ಮೇಲೆ ಖರ್ಚು ಹೆಚ್ಚೆಂದು ಈ ಕೆಲಸವನ್ನೇ ನಿಲ್ಲಿಸಿದರು. ಟ್ರೈಪ್ ಸೇನೆಗೆ ಮರಳಿದರು. ಆಮೇಲೆ ಕ್ಯಾಮೆರಾ ಹಿಡಿದದ್ದು ತೀರಾ ಕಡಿಮೆ. 1902ರಲ್ಲಿ ತೀರಿಕೊಂಡರು.

ಪ್ಲೇಸ್‌ಮೆಂಟ್ ಹತ್ತಿರವಾಗುತ್ತಿದೆ. ಕೆಲಸ ಸಿಗುತ್ತದೋ, ಸಿಕ್ಕರೆ ಉಳಿಯುತ್ತದೋ ಎಂಬ ಅಳುಕು ನನಗೂ ಇದೆ. ಟ್ರೈಪ್ ಅವರ ಹುದ್ದೆ ನಾಲ್ಕೇ ವರ್ಷದಲ್ಲಿ ಹೋಯಿತು. ಆದರೆ ಅವರು ಜೋಡಿಸಿದ ಶಾಸನದ ಸಾಲು ಇಂದಿಗೂ ಇದೆ. ಹುದ್ದೆ ಎಷ್ಟು ದಿನವೋ ಗೊತ್ತಿಲ್ಲ. ಇದ್ದಷ್ಟು ದಿನ ಇಪ್ಪತ್ತೊಂದನೇ ಹಾಳೆಯ ಜೋಡಣೆಯೂ ಸರಿಯಾಗಿರಬೇಕು.