ಜನರು ನಂಬಿದ ನ್ಯಾಯಾಧೀಶ ಸಂತ ಥಾಮಸ್ ಮೋರ್

ಸಂತ ಥಾಮಸ್ ಮೋರ್ ಎಂದೊಡನೆ ರಾಜನಿಗೆ ಬಾಗದೆ ತಲೆಯೊಪ್ಪಿಸಿದ ರಕ್ತಸಾಕ್ಷಿ ನಿಮ್ಮ ಕಣ್ಣ ಮುಂದೆ ಬರಬಹುದು. ಆದರೆ ಆ ಮರಣಕ್ಕೆ ಮೊದಲು ಅವರು ಅನೇಕ ವರ್ಷ ಸಾರ್ವಜನಿಕ ಹುದ್ದೆಗಳಲ್ಲಿ ದುಡಿದರು. ಆಳುವವರ ಮೇಲೆ ಜನರಿಗೆ ನಂಬಿಕೆ ಹುಟ್ಟುವುದು ಹೇಗೆ ಎಂಬುದಕ್ಕೆ ಆ ಬದುಕೇ ಪಾಠ.

ಥಾಮಸರು 1478ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆಯಂತೆ ಕಾನೂನು ಓದಿದರು. ಸನ್ಯಾಸಿಯಾಗಬೇಕೇ ಎಂದು ಕೆಲಕಾಲ ಪ್ರಾರ್ಥನೆಯಲ್ಲಿ ಯೋಚಿಸಿ, ಕೊನೆಗೆ ಸಂಸಾರಿಯಾಗಿಯೇ ದೇವರ ಸೇವೆ ಮಾಡಲು ನಿರ್ಧರಿಸಿದರು. ನಾಲ್ವರು ಮಕ್ಕಳ ತಂದೆಯಾದ ಅವರು ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್ ಕಲಿಸಿದರು.

1504ರಲ್ಲಿ ಪಾರ್ಲಿಮೆಂಟಿನ ಸದಸ್ಯರಾದ ತರುಣ ಥಾಮಸ್, ರಾಜ ಏಳನೇ ಹೆನ್ರಿ ಕೇಳಿದ ದೊಡ್ಡ ಮೊತ್ತವನ್ನು ವಿರೋಧಿಸಿದರು. ಸಿಟ್ಟಾದ ರಾಜ ಅವರ ತಂದೆಯನ್ನು ಸೆರೆಯಲ್ಲಿಟ್ಟು ನೂರು ಪೌಂಡು ದಂಡ ಹಾಕಿದನೆಂದು ಅಳಿಯ ವಿಲಿಯಂ ರೋಪರ್ ಬರೆದಿದ್ದಾರೆ. 1510ರಲ್ಲಿ ಥಾಮಸರು ಲಂಡನ್ ನಗರದ ನ್ಯಾಯಾಧೀಶರಾದರು. ಕಕ್ಷಿದಾರರು ಕೊಡಬೇಕಾದ ಶುಲ್ಕವನ್ನು ಎಷ್ಟೋ ಸಲ ಬಿಟ್ಟುಬಿಡುತ್ತಿದ್ದರು.

1523ರಲ್ಲಿ ಅವರು ಕಾಮನ್ಸ್ ಸಭೆಯ ಸ್ಪೀಕರ್ ಆದರು. ಆಗ ರಾಜ ಎಂಟನೇ ಹೆನ್ರಿಯ ಮುಂದೆ ಒಂದು ಬಿನ್ನಹ ಇಟ್ಟರು: ಸಭೆಯಲ್ಲಿ ಸದಸ್ಯರು ಮನಸ್ಸಿನಲ್ಲಿದ್ದುದನ್ನು ಹೇಳಿದರೆ ರಾಜ ಕೋಪಿಸಿಕೊಳ್ಳಬಾರದು. ಹೆದರಿದವನು ನಿಜವಾದ ಸಲಹೆ ಕೊಡಲಾರ ಎಂಬುದು ಅವರ ವಾದ. ಸದಸ್ಯರ ವಾಕ್ ಸ್ವಾತಂತ್ರ್ಯಕ್ಕಾಗಿ ಸ್ಪೀಕರ್ ಒಬ್ಬರು ಮಾಡಿದ ಇಂಥ ಮನವಿಗಳಲ್ಲಿ ದಾಖಲೆಯಲ್ಲಿ ಸಿಗುವ ಮೊದಲನೆಯದು ಇದೇ. ಅದೇ ವರ್ಷ ಕಾರ್ಡಿನಲ್ ವುಲ್ಸಿಯವರು ಸಭೆಗೇ ಬಂದು ಎಂಟು ಲಕ್ಷ ಪೌಂಡು ಕೇಳಿದಾಗ ಸದಸ್ಯರು ತುಟಿ ಬಿಚ್ಚಲಿಲ್ಲ. ಥಾಮಸರು ಮೊಣಕಾಲೂರಿ ಆ ಮೌನವನ್ನು ಸಮರ್ಥಿಸಿದರು. ಎಲ್ಲರ ಪರವಾಗಿ ತಾನೊಬ್ಬನೇ ಉತ್ತರಿಸಲಾರೆನೆಂದರು.

1529ರಲ್ಲಿ ಅವರು ಲಾರ್ಡ್ ಚಾನ್ಸಲರ್, ಅಂದರೆ ರಾಜ್ಯದ ಹಿರಿಯ ನ್ಯಾಯಾಧಿಕಾರಿಯಾದರು. ಮಧ್ಯಾಹ್ನದ ಹೊತ್ತು ಮನೆಯ ತೆರೆದ ಹಜಾರದಲ್ಲಿ ಕೂರುತ್ತಿದ್ದರು. ಯಾರು ಬೇಕಾದರೂ ಅಂಜದೆ ಬಂದು ದೂರು ಹೇಳಬಹುದಿತ್ತು. ಎದುರು ಪಕ್ಷಕ್ಕೆ ಸಮನ್ಸ್ ಕಳಿಸುವ ಮೊದಲು ದೂರನ್ನು ತಾವೇ ಓದುತ್ತಿದ್ದರು. ತೀರ್ಪು ತನ್ನ ಪರವಾಗಿ ಬಂದ ವಿಧವೆಯೊಬ್ಬಳು ಕೈಗವಸಿನೊಳಗೆ ನಲವತ್ತು ಪೌಂಡಿನ ಚಿನ್ನದ ನಾಣ್ಯವಿಟ್ಟು ತಂದಾಗ, ಕೈಗವಸು ಇಟ್ಟುಕೊಂಡು ಹಣ ಹಿಂದಿರುಗಿಸಿದರು. ಮಾವನೇ ನ್ಯಾಯಾಧೀಶರೆಂಬ ಧೈರ್ಯದಿಂದ ಬಂದ ಇನ್ನೊಬ್ಬ ಅಳಿಯನ ವಿರುದ್ಧವೇ ತೀರ್ಪಿತ್ತರು.

ಒಂದು ಕಹಿ ಸತ್ಯವನ್ನು ಮುಚ್ಚಿಡಬಾರದು. ಅವರು ಚಾನ್ಸಲರ್ ಆಗಿದ್ದಾಗ ಧರ್ಮವಿರೋಧದ ಆಪಾದನೆಯ ಮೇಲೆ ಆರು ಮಂದಿಯನ್ನು ಸುಡಲಾಯಿತು. ಅಂಥವರನ್ನು ಹುಡುಕಿ ಹಿಡಿಯುವುದರಲ್ಲಿ ಥಾಮಸರ ಪಾತ್ರವೂ ಇತ್ತು. ಸಂತರೂ ತಮ್ಮ ಕಾಲದ ಕುರುಡಿನಿಂದ ಪೂರ್ತಿ ಹೊರತಾಗಿರಲಿಲ್ಲ.

ರಾಜ ಧರ್ಮಸಭೆಯ ಮೇಲೆ ಅಧಿಕಾರ ಹೂಡತೊಡಗಿದಾಗ, 1532ರ ಮೇ 16ರಂದು ಥಾಮಸರು ರಾಜೀನಾಮೆ ಕೊಟ್ಟರು. ಮನೆಯಲ್ಲಿ ಬಡತನ ಕಾಲಿಟ್ಟಿತು. ವಿರೋಧಿಗಳು ಲಂಚದ ಆರೋಪಗಳನ್ನು ಹುಡುಕಿ ತಂದರು, ಒಂದೂ ನಿಲ್ಲಲಿಲ್ಲ. 1534ರಲ್ಲಿ ರಾಜನ ಪ್ರಮಾಣವಚನ ಸ್ವೀಕರಿಸಲು ಒಪ್ಪದೆ, ಕಾರಣವನ್ನೂ ಹೇಳದೆ ಸೆರೆಮನೆ ಸೇರಿದರು. ಇತರರಿಗೆ ನಿರ್ಭಯವಾಗಿ ಮಾತನಾಡುವ ಹಕ್ಕು ಕೇಳಿದವರಿಗೆ ಕೊನೆಗೆ ಮೌನವಾಗಿರುವ ಹಕ್ಕೂ ಸಿಗಲಿಲ್ಲ. 1535ರ ಜುಲೈ 6ರಂದು ಅವರ ಶಿರಚ್ಛೇದನವಾಯಿತು. 1935ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರು ಥಾಮಸರನ್ನು ರಾಜಕಾರಣಿಗಳ ಪಾಲಕ ಸಂತರನ್ನಾಗಿ ಸಾರಿದರು.

ಓದುಗರೇ, ನಿಮ್ಮಲ್ಲಿ ಯಾರಾದರೂ ಹುದ್ದೆಯಲ್ಲಿದ್ದರೆ ಆ ತೆರೆದ ಹಜಾರವನ್ನೂ ಹಿಂದಿರುಗಿಸಿದ ನಾಣ್ಯಗಳನ್ನೂ ನೆನೆಯಿರಿ. ಹುದ್ದೆ ಇಲ್ಲದವರು ಕಾಮನ್ಸ್ ಸಭೆಯ ಆ ಬಿನ್ನಹವನ್ನು ನೆನೆಯಿರಿ. ಊರಿನ ಸಭೆಗೆ ಕರೆದಾಗ ಹೋಗಿ, ಲೆಕ್ಕ ಕೇಳಿ, ನಿಮಗೆ ಸರಿಯೆನಿಸಿದ್ದನ್ನು ವಿನಯದಿಂದ ಹೇಳಿ. ಆಳುವವರ ಕೈ ಶುದ್ಧವಾಗಿದ್ದು, ಜನರ ಬಾಯಿಗೆ ಭಯವಿಲ್ಲದಿದ್ದರೆ ಮಾತ್ರ ನಂಬಿಕೆ ಬೇರೂರುತ್ತದೆ. ಜೂನ್ 22ರಂದು, ಈ ಸಂತರ ಹಬ್ಬದ ದಿನ, ನಿಮ್ಮ ಕುಟುಂಬ ಪ್ರಾರ್ಥನೆಯಲ್ಲಿ ನಮ್ಮನ್ನಾಳುವವರನ್ನೂ ನೆನಪಿಸಿಕೊಳ್ಳಿ.