ಧಾನ್ಯದ ಸುಂಕದಿಂದ ಚೀನಾ ಚರ್ಚೆಯವರೆಗೆ: ರಿಚರ್ಡ್ ಕಾಬ್ಡನ್

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಆಳುವ ವರ್ಗವು ವ್ಯಾಪಾರ ಮತ್ತು ವಿದೇಶಾಂಗ ನೀತಿಗಳನ್ನು ಬೇರೆ ಬೇರೆ ವಿಷಯಗಳೆಂದೇ ಎಣಿಸುತ್ತಿತ್ತು. ವ್ಯಾಪಾರವು ವರ್ತಕರಿಗೆ ಸೇರಿದ್ದು, ಯುದ್ಧ ಮತ್ತು ಸಂಧಿಗಳು ದೊಡ್ಡ ಮನೆತನಗಳಿಗೆ ಸೇರಿದ್ದು ಎಂಬುದು ಅಂದಿನ ರೂಢಿ. ಇವೆರಡರ ಲೆಕ್ಕವೂ ಒಂದೇ ಖಾತೆಗೆ ಸೇರಬೇಕೆಂದು ಸಂಸತ್ತಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ವಾದಿಸಿದವನು ರಿಚರ್ಡ್ ಕಾಬ್ಡನ್.

ಕಾಬ್ಡನ್ 1804ರ ಜೂನ್ 3ರಂದು ಸಸೆಕ್ಸ್ ಪ್ರಾಂತದ ಡನ್‌ಫರ್ಡ್‌ನಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದನು. ಹನ್ನೊಂದು ಮಕ್ಕಳಲ್ಲಿ ಅವನು ನಾಲ್ಕನೆಯವನು. ತಂದೆಯ ಕೈಯಿಂದ ಜಮೀನು ಜಾರಿತು. ಮಕ್ಕಳು ಬಂಧುಗಳ ಆಶ್ರಯಕ್ಕೆ ಚದುರಿದರು. ದೂರದ ಯಾರ್ಕ್‌ಷೈರಿನ ಶಾಲೆಯೊಂದರಲ್ಲಿ ಐದು ವರ್ಷಗಳನ್ನು ಹಸಿವು ಮತ್ತು ಏಟುಗಳ ನಡುವೆ ಕಳೆದ ಬಾಲಕನು ಹದಿನೈದನೆಯ ವಯಸ್ಸಿಗೆ ಲಂಡನ್ನಿನಲ್ಲಿದ್ದ ಸಂಬಂಧಿಯ ಉಗ್ರಾಣದಲ್ಲಿ ಗುಮಾಸ್ತನಾದನು. ಮುಂದೆ ಬಟ್ಟೆಯ ಮಾದರಿಗಳನ್ನು ಹೊತ್ತು ಊರೂರು ತಿರುಗಿ ಮಾರಾಟ ಮಾಡಿದನು. 1828ರಲ್ಲಿ ಇಬ್ಬರು ಪಾಲುದಾರರೊಂದಿಗೆ ಸ್ವಂತ ವ್ಯವಹಾರ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಲ್ಯಾಂಕಷೈರಿನಲ್ಲಿ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯನ್ನು ವಹಿಸಿಕೊಂಡನು. ಅವನು ಮಾರುತ್ತಿದ್ದ ಕ್ಯಾಲಿಕೋ ಬಟ್ಟೆಗೆ ಆ ಹೆಸರು ಬಂದದ್ದು ಮಲಬಾರಿನ ಕಲ್ಲಿಕೋಟೆಯಿಂದ. ಭಾರತದಿಂದ ಯುರೋಪಿಗೆ ಹೋಗುತ್ತಿದ್ದ ಸರಕು ಆ ಹೊತ್ತಿಗೆ ಮ್ಯಾಂಚೆಸ್ಟರಿನ ಸರಕಾಗಿತ್ತು.

ಶಾಲೆಯಲ್ಲಿ ದೊರೆಯದ ವಿದ್ಯೆಯನ್ನು ಓದಿನಿಂದಲೂ ಪ್ರವಾಸದಿಂದಲೂ ಅವನು ತುಂಬಿಕೊಂಡನು. ಅಮೆರಿಕ, ಸ್ಪೇನ್, ಈಜಿಪ್ಟ್, ತುರ್ಕಿಗಳನ್ನು ಸುತ್ತಿ ಬಂದನು. ಸೈನ್ಯಕ್ಕೂ ನೌಕಾಪಡೆಗೂ ಸುರಿಯುವ ಹಣವೇ ಇಂಗ್ಲೆಂಡಿನ ನಿಜವಾದ ಭಾರವೆಂದು 1835 ಮತ್ತು 1836ರಲ್ಲಿ ಬರೆದ ಎರಡು ಕಿರುಹೊತ್ತಿಗೆಗಳಲ್ಲಿ ವಾದಿಸಿದನು.

ಅವನ ಹೆಸರನ್ನು ಮನೆಮಾತಾಗಿಸಿದ್ದು ಧಾನ್ಯ ಕಾನೂನಿನ ವಿರುದ್ಧದ ಹೋರಾಟ. 1815ರ ಕಾನೂನಿನಂತೆ ದೇಶದೊಳಗೆ ಒಂದು ಕ್ವಾರ್ಟರ್ ಗೋಧಿಯ ಬೆಲೆ 80 ಷಿಲಿಂಗು ಮುಟ್ಟುವವರೆಗೆ ಹೊರದೇಶದ ಗೋಧಿಗೆ ಮಾರುಕಟ್ಟೆಯಲ್ಲಿ ಪ್ರವೇಶವಿರಲಿಲ್ಲ. 1828ರಲ್ಲಿ ಬೆಲೆಗೆ ತಕ್ಕಂತೆ ಏರಿಳಿಯುವ ಸುಂಕ ಜಾರಿಗೆ ಬಂದರೂ ಭೂಮಾಲೀಕರ ಗೇಣಿಗೆ ಇದ್ದ ರಕ್ಷಣೆ ಹೋಗಲಿಲ್ಲ. ಗೇಣಿ ಏರಿದಷ್ಟೂ ಬಡವನ ರೊಟ್ಟಿ ತುಟ್ಟಿಯಾಯಿತು. 1838ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭವಾದ ಚಳವಳಿ ಮರುವರ್ಷ ಧಾನ್ಯ ಕಾನೂನು ವಿರೋಧಿ ಸಂಘವಾಗಿ ಬೆಳೆಯಿತು. 1841ರಲ್ಲಿ ಕಾಬ್ಡನ್ ಸ್ಟಾಕ್‌ಪೋರ್ಟಿನಿಂದ ಸಂಸತ್ತಿಗೆ ಆಯ್ಕೆಯಾದನು. ಅದೇ ವರ್ಷ ಹೆಂಡತಿಯನ್ನು ಕಳೆದುಕೊಂಡು ಕುಸಿದಿದ್ದ ಜಾನ್ ಬ್ರೈಟ್‌ನನ್ನು ಕಂಡು, ಹಸಿವಿನಿಂದ ಸಾಯುತ್ತಿರುವ ಮನೆಗಳು ನಾಡಿನಲ್ಲಿ ಸಾವಿರಾರು ಇವೆಯೆಂದು ನೆನಪಿಸಿ, ಶೋಕ ತಗ್ಗಿದ ಮೇಲೆ ಜೊತೆಗೆ ಬರುವಂತೆ ಕೇಳಿಕೊಂಡನು. ಆ ಸ್ನೇಹ ಸಾಯುವವರೆಗೂ ಉಳಿಯಿತು.

ಸದನದಲ್ಲಿ ಕಾಬ್ಡನ್ ಗರ್ಜಿಸುವ ಭಾಷಣಕಾರನಾಗಿರಲಿಲ್ಲ. ಅಂಕಿ ಅಂಶಗಳನ್ನು ಒಂದೊಂದಾಗಿ ಇಟ್ಟು, ಎದುರಾಳಿಯ ಮಾತಿನಿಂದಲೇ ತನ್ನ ನಿರ್ಣಯವನ್ನು ಹೊರಡಿಸುವುದು ಅವನ ಕ್ರಮ. 1845ರ ಮಾರ್ಚಿನಲ್ಲಿ, ಈ ರಕ್ಷಣೆಯಿಂದ ಗೇಣಿದಾರ ರೈತನಿಗೂ ಕೂಲಿಯವನಿಗೂ ಲಾಭವಿಲ್ಲವೆಂದು ಅವನು ತೋರಿಸಿದಾಗ, ಪ್ರಧಾನಿ ರಾಬರ್ಟ್ ಪೀಲ್ ಉತ್ತರಕ್ಕಾಗಿ ಬರೆದುಕೊಳ್ಳುತ್ತಿದ್ದ ಚೀಟಿಯನ್ನು ಮುದುಡಿ, ಪಕ್ಕದ ಸಹೋದ್ಯೋಗಿಗೆ ಉತ್ತರಿಸಲು ಹೇಳಿದನೆಂಬ ಪ್ರತೀತಿಯಿದೆ. ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಧಾನ್ಯ ಕಾನೂನನ್ನು ಉಳಿಸಲೆಂದೇ ಬಹುಮತ ಪಡೆದಿದ್ದ ಪೀಲ್ ತನ್ನ ಪಕ್ಷವನ್ನು ಒಡೆದುಕೊಂಡೂ ಅದನ್ನು ತೆಗೆದುಹಾಕಲು ಮುಂದಾದನು. 1846ರ ಮೇ ತಿಂಗಳಲ್ಲಿ 327 ಮತಗಳು ಪರವಾಗಿ, 229 ವಿರುದ್ಧವಾಗಿ ಬಿದ್ದವು. ಜೂನಿನಲ್ಲಿ ಅಧಿಕಾರ ಬಿಡುವಾಗ ಪೀಲ್ ಈ ಗೆಲುವಿನ ಶ್ರೇಯಸ್ಸನ್ನು ಬಹಿರಂಗವಾಗಿ ಕಾಬ್ಡನ್‌ನಿಗೇ ಸಲ್ಲಿಸಿದನು. ಇತ್ತ ಚಳವಳಿಗಾಗಿ ತಿರುಗಿದವನ ಸ್ವಂತ ವ್ಯವಹಾರ ಮುಳುಗುವ ಸ್ಥಿತಿಗೆ ಬಂದಿತ್ತು; ಜನರು ವಂತಿಗೆ ಎತ್ತಿ ಅವನನ್ನು ಉಳಿಸಿದರು.

ಅಲ್ಲಿಂದ ಮುಂದೆ ಅವನು ನಡೆದದ್ದು ಜನಪ್ರಿಯತೆಯ ಎದುರು ದಿಕ್ಕಿನಲ್ಲಿ. ರಾಷ್ಟ್ರಗಳ ತಕರಾರುಗಳನ್ನು ಮಧ್ಯಸ್ಥಿಕೆಯಿಂದ ಬಗೆಹರಿಸಬೇಕೆಂದು 1849ರಲ್ಲಿ ಮಂಡಿಸಿದ ಠರಾವಿಗೆ ದೊರೆತದ್ದು 79 ಮತ. ವಿರುದ್ಧ ಬಿದ್ದದ್ದು 176. ರಂಗೂನಿನಲ್ಲಿ ಇಬ್ಬರು ಹಡಗಿನ ಕಪ್ತಾನರು ಹೂಡಿದ ಸಾವಿರ ಪೌಂಡಿಗೂ ಕಡಿಮೆಯ ದೂರು ಹೇಗೆ ಎರಡನೆಯ ಬರ್ಮಾ ಯುದ್ಧವಾಗಿ ಬೆಳೆಯಿತೆಂಬುದನ್ನು ಸಂಸತ್ತಿನ ಮುಂದಿಟ್ಟ ಸರಕಾರಿ ಕಾಗದಪತ್ರಗಳಿಂದಲೇ ಬಿಡಿಸಿ, 1853ರಲ್ಲಿ ಒಂದು ಹೊತ್ತಿಗೆ ಬರೆದನು. ಕ್ರಿಮಿಯಾ ಯುದ್ಧವನ್ನು ವಿರೋಧಿಸಿ ಪತ್ರಿಕೆಗಳ ನಿಂದೆಗೆ ಗುರಿಯಾದನು. ಆ ಯುದ್ಧ ಮುಗಿದ 1856ರ ವಸಂತದಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಅವನ ಹದಿನೈದು ವರ್ಷದ ಮಗ ಜ್ವರದಿಂದ ತೀರಿಕೊಂಡನು. ಹೆಂಡತಿ ಕ್ಯಾಥರೀನ್ ಬಹುಕಾಲ ಚೇತರಿಸಿಕೊಳ್ಳಲಿಲ್ಲ. ಕಾಬ್ಡನ್ ಅವಳ ಆರೈಕೆಯಲ್ಲಿ ಸಾರ್ವಜನಿಕ ಕೆಲಸದಿಂದ ದೂರವೇ ಉಳಿದನು.

ಅವನನ್ನು ಮತ್ತೆ ಸದನದ ನಡುವೆ ನಿಲ್ಲಿಸಿದ್ದು ಚೀನಾದ ಪ್ರಕರಣ. 1856ರ ಅಕ್ಟೋಬರಿನಲ್ಲಿ ಕ್ಯಾಂಟನ್ನಿನ ಅಧಿಕಾರಿಗಳು ಆ್ಯರೋ ಎಂಬ ಹಡಗಿನ ನಾವಿಕರನ್ನು ಹಿಡಿದರು. ಆ ಹಡಗಿಗಿದ್ದ ಹಾಂಗ್‌ಕಾಂಗ್ ನೋಂದಣಿಯ ಅವಧಿ ಮುಗಿದಿತ್ತು. ಆದರೂ ಬ್ರಿಟಿಷ್ ಧ್ವಜಕ್ಕೆ ಅವಮಾನವಾಯಿತೆಂದು ನೌಕಾಪಡೆ ಕ್ಯಾಂಟನ್ನಿನ ಮೇಲೆ ಗುಂಡಿನ ಮಳೆಗರೆಯಿತು. ಇದಕ್ಕೆ ಒಪ್ಪಿಗೆ ಕೊಟ್ಟ ಹಾಂಗ್‌ಕಾಂಗಿನ ಗವರ್ನರ್ ಜಾನ್ ಬೌರಿಂಗ್ ಬೇರೆ ಯಾರೂ ಅಲ್ಲ, ಧಾನ್ಯ ಕಾನೂನಿನ ವಿರುದ್ಧ ಕಾಬ್ಡನ್ನನ ಜೊತೆಗಿದ್ದ ಹಳೆಯ ಗೆಳೆಯ. ಸ್ನೇಹವನ್ನು ಬದಿಗಿಟ್ಟು ಕಾಬ್ಡನ್ ಖಂಡನಾ ಠರಾವು ಮಂಡಿಸಿದನು. ಬಲಿಷ್ಠ ರಾಷ್ಟ್ರದೊಂದಿಗೆ ಮಾಡದ ಕೃತ್ಯವನ್ನು ದುರ್ಬಲ ರಾಷ್ಟ್ರದ ಮೇಲೆ ಎಸಗುವುದು ನ್ಯಾಯವಲ್ಲ, ತೋಪಿನ ಬಾಯಿಂದ ತೆರೆಸಿದ ಮಾರುಕಟ್ಟೆಯಲ್ಲಿ ವ್ಯಾಪಾರವೂ ಬೆಳೆಯದು ಎಂಬುದು ಅವನ ವಾದದ ತಿರುಳು. ನಾಲ್ಕು ರಾತ್ರಿಗಳ ಚರ್ಚೆಯಲ್ಲಿ ಗ್ಲಾಡ್‌ಸ್ಟನ್, ಡಿಸ್ರೇಲಿ, ರಸೆಲ್‌ರಂತಹ ಭಿನ್ನ ಮತದವರೆಲ್ಲ ಅವನ ಪಕ್ಕಕ್ಕೆ ಬಂದರು. 1857ರ ಮಾರ್ಚ್ 3ರಂದು 247ರ ಎದುರು 263 ಮತಗಳಿಂದ ಸರಕಾರ ಸೋತಿತು.

ಆದರೆ ಪ್ರಧಾನಿ ಪಾಮರ್‌ಸ್ಟನ್ ಸಂಸತ್ತನ್ನು ವಿಸರ್ಜಿಸಿ ಜನರ ಮುಂದೆ ಹೋದನು. ದೇಶಾಭಿಮಾನದ ಅಲೆ ಎದ್ದಿತು. ಹಡರ್ಸ್‌ಫೀಲ್ಡಿನಲ್ಲಿ ಕಾಬ್ಡನ್ ಸೋತನು. ಮ್ಯಾಂಚೆಸ್ಟರಿನಲ್ಲಿ ಬ್ರೈಟ್ ಸೋತನು. ರೊಟ್ಟಿಯ ಬೆಲೆ ಇಳಿಸಿದವರನ್ನು ಹೆಗಲ ಮೇಲೆ ಹೊತ್ತ ಪಟ್ಟಣಗಳೇ ದೂರದ ಕ್ಯಾಂಟನ್ನಿನ ಪರ ಮಾತನಾಡಿದವರನ್ನು ಮನೆಗೆ ಕಳಿಸಿದವು.

1859ರಲ್ಲಿ ಅವನು ಅಮೆರಿಕದಲ್ಲಿದ್ದಾಗಲೇ ರಾಕ್‌ಡೇಲಿನ ಮತದಾರರು ಅವನನ್ನು ಆರಿಸಿದರು. ಪಾಮರ್‌ಸ್ಟನ್ ಕೊಡಮಾಡಿದ ಮಂತ್ರಿಪದವಿಯನ್ನು, ಇಷ್ಟು ಕಾಲ ವಿರೋಧಿಸಿದವನ ಮಂತ್ರಿಮಂಡಲದಲ್ಲಿ ಕೂಡುವುದು ಸಲ್ಲದೆಂದು ಕಾಬ್ಡನ್ ನಿರಾಕರಿಸಿದನು. ಆದರೆ ಫ್ರಾನ್ಸಿಗೆ ಹೋಗಿ ಅರ್ಥಶಾಸ್ತ್ರಜ್ಞ ಮಿಶೆಲ್ ಶೆವಾಲಿಯೆಯೊಂದಿಗೆ ಶ್ರಮಿಸಿ, 1860ರ ಜನವರಿ 23ರ ವ್ಯಾಪಾರ ಒಪ್ಪಂದವನ್ನು ಸಾಧಿಸಿದನು. ಯುದ್ಧದ ಗುಮಾನಿಯಲ್ಲಿದ್ದ ಎರಡು ದೇಶಗಳು ಪರಸ್ಪರರ ಸರಕಿಗೆ ಬಾಗಿಲು ತೆರೆದವು. ಒಬ್ಬರಿಗೆ ಕೊಟ್ಟ ರಿಯಾಯಿತಿ ಒಪ್ಪಂದದ ಇತರರಿಗೂ ಸಲ್ಲಬೇಕೆಂಬ ಅದರ ನಿಯಮದಿಂದ ಯುರೋಪಿನಲ್ಲಿ ಒಪ್ಪಂದಗಳ ಸರಣಿಯೇ ಹುಟ್ಟಿತು. ಇದಕ್ಕಾಗಿ ನೀಡಬಂದ ಬಿರುದನ್ನೂ ಅವನು ಸ್ವೀಕರಿಸಲಿಲ್ಲ.

ಅವನ ವಿಚಾರಕ್ಕೆ ಮಿತಿಗಳಿದ್ದವು. ಕಾರ್ಖಾನೆಗಳಲ್ಲಿ ವಯಸ್ಕರ ದುಡಿಮೆಯ ವೇಳೆಗೆ ಕಾನೂನು ಮಿತಿ ಹಾಕುವುದನ್ನು ಅವನು ಒಪ್ಪಲಿಲ್ಲ. ಇಂಗ್ಲೆಂಡಿನ ಕೂಲಿಯವನಿಗೆ ಅಗ್ಗದ ರೊಟ್ಟಿ ತಂದ ಮುಕ್ತ ವ್ಯಾಪಾರವು, ತನ್ನ ಸುಂಕವನ್ನು ತಾನೇ ಗೊತ್ತುಮಾಡುವ ಹಕ್ಕಿಲ್ಲದ ಭಾರತದ ನೇಕಾರನಿಗೆ ಬೇರೆಯದೇ ಫಲ ಕೊಟ್ಟಿತು. ಮ್ಯಾಂಚೆಸ್ಟರಿನ ಬಟ್ಟೆಯ ಮುಂದೆ ಅವನ ಮಗ್ಗಕ್ಕೆ ಯಾವ ಆಸರೆಯೂ ಇರಲಿಲ್ಲ. ದೂರದ ಜನಾಂಗವೊಂದನ್ನು ಆಳುವ ಅಧಿಕಾರವನ್ನೇ ಸಂಶಯದಿಂದ ಕಂಡ ಕಾಬ್ಡನ್ ಈ ಇನ್ನೊಂದು ಮುಖವನ್ನು ಅಷ್ಟಾಗಿ ಕಾಣಲಿಲ್ಲ.

1865ರ ಏಪ್ರಿಲ್ 2ರಂದು ಅವನು ಲಂಡನ್ನಿನಲ್ಲಿ ತೀರಿಕೊಂಡನು. ಮರುದಿನ ಸದನದಲ್ಲಿ ಎದ್ದುನಿಂತ ಬ್ರೈಟ್, ಕಂಠ ಬಿಗಿದು, ಕೆಲವೇ ಮಾತುಗಳಿಗೆ ನಿಲ್ಲಿಸಿದನು. ಅವನು ಕಟ್ಟಿದ ಒಪ್ಪಂದಗಳ ಜಾಲವೂ ಶಾಶ್ವತವಾಗಲಿಲ್ಲ. 1879ರಲ್ಲಿ ಜರ್ಮನಿ, 1892ರಲ್ಲಿ ಫ್ರಾನ್ಸ್ ಮತ್ತೆ ಸುಂಕದ ಗೋಡೆ ಎತ್ತಿದವು. ಸಸೆಕ್ಸಿನ ವೆಸ್ಟ್ ಲ್ಯಾವಿಂಗ್ಟನ್ನಿನಲ್ಲಿ, ಹುಟ್ಟಿದ ಮನೆಗೆ ಹತ್ತಿರವೇ, ಮಗನ ಸಮಾಧಿಯ ಬಳಿ ಅವನನ್ನು ಮಣ್ಣುಮಾಡಿದರು.